ನಮ್ಮ ಕಟ್ಟಡವೊಂದನ್ನು ಬಿಟ್ಟು

"ಹೊಡಿ, ನೋಡೋಣ," ಅಂದೆ.

ಗಡಿಬಿಡಿ ಕೀಬೋರ್ಡಿನ ಮೇಲೆ ಕೈಯಿಟ್ಟ. ಅವನ ನಿಜವಾದ ಹೆಸರು ಈ ಲಿಫ್ಟ್ ಕಂಪನಿಯಲ್ಲಿ ಯಾರಿಗೂ ನೆನಪಿದ್ದಂತಿಲ್ಲ. ಊಟದ ಹೊತ್ತಾದರೆ ಕಂಪ್ಯೂಟರಿಗೆ ಬೀಗ ಹಾಕುವುದನ್ನೂ ಮರೆತು ಓಡುವ ಹುಡುಗನಿಗೆ ಬೇರೆ ಹೆಸರು ಯಾಕೆ ಬೇಕು?

ಅವನ ಹಿಂದೆ ಇನ್‌ಸ್ಪೆಕ್ಟರ್ ಕೈಕಟ್ಟಿ ನಿಂತಿದ್ದರು. ಬಟ್ಟೆ ಅಂಗಡಿಯ ಲಿಫ್ಟ್ ಮಿತಿಮೀರಿದ ಭಾರ ಹೊತ್ತು ಜಾರಿಬಿದ್ದು, ಅದನ್ನು ನಡೆಸುತ್ತಿದ್ದ ಮುದುಕ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಭಾರ ಹೆಚ್ಚಾದರೆ ಗಂಟೆ ಬಾರಿಸಿ ನಿಲ್ಲಬೇಕಾದ ಲಿಫ್ಟಿಗೆ ಯಾರೋ ಸುಳ್ಳು ಮಿತಿ ಕಲಿಸಿದ್ದರು. ಅದನ್ನು ಕಲಿಸಿದ್ದು ಗಡಿಬಿಡಿಯ ಕಂಪ್ಯೂಟರಿನಿಂದ. ಯಾರ ಕೈ ಎಂದು ಪತ್ತೆಮಾಡಲು ಕಂಪನಿ ನನ್ನನ್ನು ಕರೆಸಿತ್ತು.

"ಇವು ಹಳೇ ಫೈಲುಗಳ ನಕಲು," ಅಂದೆ. "ಒಂದೊಂದು ಕಟ್ಟಡಕ್ಕೆ ಒಂದೊಂದು ಫೈಲು. ಭಾರದ ಮಿತಿ 320 ಕಿಲೋ ಇದ್ದಲ್ಲಿ 400 ಮಾಡು. 400 ಇದ್ದಲ್ಲಿ 480. 480 ಇದ್ದಲ್ಲಿ 630. 630 ಇದ್ದಲ್ಲಿ 800. ಒಂದೊಂದೇ ತೆರೆದು ತಿದ್ದಬೇಡ. ಆಜ್ಞೆ ಬರೆದು ಎಲ್ಲಾ ಫೈಲುಗಳ ಮೇಲೂ ಒಟ್ಟಿಗೆ ಓಡಿಸು. ಕಳ್ಳ ಮಾಡಿದ್ದೂ ಅದನ್ನೇ."

"ಅಷ್ಟೇನಾ ಮೇಡಂ?" ಅವನ ಮುಖದಲ್ಲಿ ಸ್ವಲ್ಪ ಜೀವ ಬಂತು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಸಾಲಾಗಿ ಟೈಪ್ ಮಾಡಿ ಎಂಟರ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು.

ಒಂದು ಫೈಲು ತೆರೆದ, 800. ಇನ್ನೊಂದರಲ್ಲೂ 800. ಮತ್ತೊಂದು ತೆರೆದವನು ತಲೆ ಕೆರೆದುಕೊಂಡ.

"ಅಯ್ಯೋ, ಎಲ್ಲಾ ಎಂಟುನೂರಾಗ್ಬಿಡ್ತು!"

ಆಗದೆ ಇನ್ನೇನು? ಮೊದಲ ಆಜ್ಞೆ 320ನ್ನು 400 ಮಾಡಿತು. ಎರಡನೆಯದು ಬಂದು, ಈಗತಾನೇ ಆದ 400ನ್ನೂ ಮೊದಲೇ ಇದ್ದ 400ನ್ನೂ ಒಂದೇ ಎಂದು ತಿಳಿದು ಎರಡನ್ನೂ 480ಕ್ಕೆ ಹತ್ತಿಸಿತು. ಹೀಗೆ ಕೆಳಗಿನ ಮೆಟ್ಟಿಲಿನವರೆಲ್ಲ ಅಟ್ಟ ಹತ್ತಿ ಕುಳಿತರು. ಯಂತ್ರಕ್ಕೆ ಹೇಳಿದ್ದು ಗೊತ್ತು, ಹೇಳದೇ ಇದ್ದದ್ದು ಗೊತ್ತಿಲ್ಲ.

"ನೋಡಿ ಸಾರ್," ಇನ್‌ಸ್ಪೆಕ್ಟರ್ ಕಡೆ ತಿರುಗಿದೆ. "ಕಳ್ಳ ತಿದ್ದಿದ ಫೈಲುಗಳಲ್ಲಿ ಪ್ರತಿಯೊಂದು ಅಂಕಿಯೂ ಸರಿಯಾಗಿ ಒಂದೇ ಮೆಟ್ಟಿಲು ಹತ್ತಿದೆ. ಇವನ ಕೈಯಲ್ಲಿ ಅದು ಆಗಲ್ಲ."

"ನಮ್ಮೆದುರು ಬೇಕಂತ್ಲೇ ತಪ್ಪು ಮಾಡಿರಬಹುದಲ್ಲ?"

"ಹೋದ ವರ್ಷ ಲಿಫ್ಟ್ ಬಾಗಿಲು ಎಷ್ಟು ಸೆಕೆಂಡು ತೆರೆದಿರಬೇಕು ಅನ್ನೋದನ್ನ ತಿದ್ದೋಕೆ ಹೋಗಿ ಇದೇ ತಪ್ಪು ಮಾಡಿದ್ದಾನೆ. ಎಲ್ಲಾ ಲಿಫ್ಟುಗಳೂ ಬಾಯಿ ಬಿಟ್ಕೊಂಡು ನಿಂತಿದ್ದವಂತೆ. ದಾಖಲೆ ಇದೆ."

"ಅದು ಹೋದ ವರ್ಷ. ಒಂದು ವರ್ಷದಲ್ಲಿ ಕತ್ತೆನೂ ಏನಾದ್ರೂ ಕಲಿಯುತ್ತೆ." ಇನ್‌ಸ್ಪೆಕ್ಟರ್ ಕೆಟ್ಟವರಲ್ಲ, ಅವರಿಗೆ ಒಂದು ಹೆಸರು ಬೇಕಿತ್ತು ಅಷ್ಟೆ. "ಸಂಜೆ ತನಕ ನೋಡ್ತೀನಿ ಮೇಡಂ. ಬೇರೆ ಹೆಸರು ಕೊಟ್ರೆ ಸರಿ. ಇಲ್ದಿದ್ರೆ ಇವನನ್ನ ಕರ್ಕೊಂಡು ಹೋಗ್ತೀನಿ. ಮುದುಕನಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೊಲೆ ಕೇಸು."

ಗಡಿಬಿಡಿ ನನ್ನ ಮುಖ ನೋಡಿದ. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಅವನ ಹೆಂಡತಿ ಮಡಿಲಲ್ಲಿ ಅವನ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಜೀವಮಾನವೆಲ್ಲ ನೋಡಿದ್ದೇನೆ, ಇವತ್ತು ನೋಡುವ ಮನಸ್ಸಿರಲಿಲ್ಲ.

ಒಬ್ಬಳೇ ಕೂತು, ಕಳ್ಳ ತಿದ್ದಿದ ಫೈಲುಗಳನ್ನು ಮತ್ತೆ ಮೊದಲಿನಿಂದ ಓದಿದೆ.

ಈ ಫೈಲುಗಳಲ್ಲಿ ಅಂಕಿಗಳಿಗೇನು ಬರ. ಮಹಡಿಗಳ ಸಂಖ್ಯೆ, ವೇಗ, ಬಾಗಿಲಿನ ಸೆಕೆಂಡು ಎಲ್ಲವೂ ಅಂಕಿಗಳೇ. ಅದರಲ್ಲಿ ಭಾರದ ಅಂಕಿಯನ್ನು ಮಾತ್ರ ಬದಲಿಸಬೇಕಾದರೆ ಆಜ್ಞೆಗೆ ಒಂದು ಷರತ್ತು ಹಾಕಬೇಕು. ಸಾಲಿನಲ್ಲಿ 'ಮಿತಿ' ಎಂಬ ಪದ ಇದ್ದರೆ ಮಾತ್ರ ಮುಟ್ಟು, ಇಲ್ಲದಿದ್ದರೆ ಬಿಡು. ಕಳ್ಳ ಅದನ್ನೇ ಮಾಡಿದ್ದ. ಭಾರದ ಸಾಲು ಬಿಟ್ಟು ಬೇರೆ ಒಂದು ಅಂಕಿಯೂ ಅಲುಗಾಡಿರಲಿಲ್ಲ. ಅಚ್ಚುಕಟ್ಟಾದ ಕೈ.

ಆಮೇಲೆ ಆ ತಮಾಷೆಯ ಸಾಲು ಸಿಕ್ಕಿತು.

ಫೈಲಿನಲ್ಲಿ ಯಂತ್ರ ಓದದ, ಮನುಷ್ಯರಿಗೆಂದೇ ಬರೆದಿಡುವ ಟಿಪ್ಪಣಿಗಳಿರುತ್ತವೆ. ಹಿಂದೆ ಇಲ್ಲಿದ್ದ ಯಾವನೋ ತಮಾಷೆಗಾರ ಒಂದರಲ್ಲಿ ಹೀಗೆ ಬರೆದಿದ್ದ: "ಇಲ್ಲಿ ಮಿತಿ 400. ಮ್ಯಾನೇಜರ್ ಸಾಹೇಬರು ಊಟ ಮಾಡಿ ಹತ್ತಿದರೆ 480 ಆದೀತು."

ಈಗ ಅದು ಹೀಗಿತ್ತು: "ಇಲ್ಲಿ ಮಿತಿ 480. ಮ್ಯಾನೇಜರ್ ಸಾಹೇಬರು ಊಟ ಮಾಡಿ ಹತ್ತಿದರೆ ~~630 ಆದೀತು."

ಮ್ಯಾನೇಜರ್ ಹೊಟ್ಟೆಯನ್ನೂ ತಿದ್ದುವ ಕಳ್ಳ ಎಲ್ಲಿದ್ದಾನೆ! 'ಮಿತಿ' ಪದ ಕಂಡದ್ದೇ ತಡ, ಆಜ್ಞೆ ಆ ಟಿಪ್ಪಣಿಗೂ ಕೈ ಹಾಕಿತ್ತು. ನಗು ಬರಬೇಕಿತ್ತು. ಆದರೆ 630ರ ಮುಂದೆ ಆ ಎರಡು ಅಲೆಗೆರೆಗಳು ಕೂತಿದ್ದವು.

ಆ ಗುರುತು ನನಗೆ ಗೊತ್ತು. ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತು.

ಗಡಿಬಿಡಿ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ, ಕೆಲಸ ಕಲಿಯುವ ಕಾಲದಲ್ಲಿ. ಆಗ ಅಕ್ಕ ನನ್ನ ತಲೆಗೊಂದು ಮೊಟಕಿ ಹೇಳಿಕೊಟ್ಟಿದ್ದಳು. "ಎಣಿಸಿದ ಮೂಟೆಗೆ ಸುಣ್ಣದ ಬೊಟ್ಟು ಇಡ್ತಾರಲ್ಲ ಪುಟ್ಟಿ, ಹಾಗೆ. ಬದಲಿಸಿದ ಅಂಕಿಗೆಲ್ಲ ಒಂದು ಗುರುತು ಹಚ್ಚು. ಗುರುತು ಇದ್ರೆ ಮುಟ್ಟಬೇಡ ಅಂತ ಮುಂದಿನ ಆಜ್ಞೆಗೆ ಷರತ್ತು ಹಾಕು. ಎಲ್ಲಾ ಮುಗಿದ ಮೇಲೆ ಗುರುತುಗಳನ್ನ ಅಳಿಸಿಬಿಡು." ಯಾವ ಗುರುತು ಹಾಕಲಿ ಅಂದಿದ್ದಕ್ಕೆ ಎರಡು ಅಲೆಗೆರೆ ಎಳೆದು, "ಇದು ನನ್ನ ಜಡೆ, ಇದು ನಿನ್ನ ಜಡೆ," ಅಂದಿದ್ದಳು.

ಅಮ್ಮ ಕೆಲಸಕ್ಕೆ ಹೋದರೆ ನನಗೆ ಜಡೆ ಹೆಣೆದು, ಉಣ್ಣಿಸಿ, ಶಾಲೆಗೆ ಬಿಡುತ್ತಿದ್ದವಳು ಅವಳು. ಈಗ ಈ ಕಂಪನಿಯ ಮುಖ್ಯ ಎಂಜಿನಿಯರ್. "ಹೊರಗಿನವರನ್ನ ಕರೆದ್ರೆ ಕಂಪನಿ ಮಾನ ಹೋಗುತ್ತೆ, ನೀನೇ ಬಂದು ಪತ್ತೆಮಾಡು," ಅಂತ ನನ್ನನ್ನು ಕರೆಸಿದವಳೂ ಅವಳೇ.

ಅಳಿಸುವ ಆಜ್ಞೆಗೆ ಒಂದು ಕೆಟ್ಟ ಗುಣವಿದೆ. ಸಾಲಿನ ಕೊನೆಯವರೆಗೂ ಹೋಗು ಎಂದು ಹೇಳದಿದ್ದರೆ ಸಾಲಿನಲ್ಲಿ ಮೊದಲು ಕಂಡದ್ದನ್ನು ಮಾತ್ರ ಅಳಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಉಳಿದ ಸಾಲುಗಳಲ್ಲಿ ಇದ್ದದ್ದೇ ಒಂದು ಅಂಕಿ, ಹಾಗಾಗಿ ಅಲ್ಲೆಲ್ಲ ಚೊಕ್ಕಟವಾಗಿತ್ತು. ಈ ತಮಾಷೆಯ ಸಾಲಿನಲ್ಲಿ ಮಾತ್ರ ಎರಡಿದ್ದವು. ನನಗೆ ಅದನ್ನು ಮರೆಯಬೇಡ ಎಂದು ಪದೇಪದೇ ಬೈದಿದ್ದ ಅಕ್ಕ ಗಡಿಬಿಡಿಯ ಕುರ್ಚಿಯಲ್ಲಿ ಕೂತು, ಅವನು ಊಟ ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿಸುವ ಆತುರದಲ್ಲಿ ತಾನೇ ಮರೆತಿದ್ದಳು.

ಬೇರೆ ಯಾರಾದರೂ ಇರಬಹುದು ಅಂತ ಮನಸ್ಸಿಗೆ ಸುಳ್ಳು ಹೇಳಿಕೊಂಡು ಇನ್ನೊಂದು ಪರೀಕ್ಷೆ ಮಾಡಿದೆ. ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ, ಬದಲಾಗದೇ ಉಳಿದ ಫೈಲು ಯಾವುದಾದರೂ ಇದೆಯಾ ಅಂತ ಹುಡುಕಿದೆ.

ಒಂದೇ ಒಂದು ಸಿಕ್ಕಿತು, ನಮ್ಮ ಕಟ್ಟಡದ್ದು. ನಾನು, ನನ್ನ ಗಂಡ, ನಮ್ಮ ಮಗಳು ದಿನಾ ಹತ್ತಿ ಇಳಿಯುವ ಲಿಫ್ಟು.

ಅತ್ತುಬಿಟ್ಟೆ. ಸಿಟ್ಟೋ ಸಂಕಟವೋ ನನಗೇ ತಿಳಿಯಲಿಲ್ಲ. ಊರೆಲ್ಲ ಬಿದ್ದು ಸಾಯಲಿ, ತಂಗಿ ಮಾತ್ರ ಸುಖವಾಗಿರಲಿ ಅಂತ ಷರತ್ತು ಹಾಕಿದ ಆ ಕೈಯನ್ನು ಕಡಿದುಹಾಕಬೇಕು ಅನ್ನಿಸಿತು. ಆ ಕೈಯನ್ನೇ ಹಿಡಿದುಕೊಂಡು ಕೂರಬೇಕು ಅಂತಲೂ ಅನ್ನಿಸಿತು.

ಆ ಸಾಲಿನ ಪ್ರಿಂಟ್ ತೆಗೆದುಕೊಂಡು ಯಾರಿಗೂ ಹೇಳದೆ ಅಕ್ಕನ ಕೋಣೆಗೆ ಹೋದೆ.

"ಬಾ ಪುಟ್ಟಿ. ಹುಡುಗ ಒಪ್ಕೊಂಡ್ನಾ?" ಅಕ್ಕ ಟೀ ಕುಡಿಯುತ್ತಿದ್ದಳು. ಮೇಜಿನ ಮೇಲೆ ಯಾವಾಗಲೂ ಹಾಗೆಯೇ, ಪೆನ್ನಿನ ಪಕ್ಕ ಪೆನ್ನು, ಕಾಗದದ ಅಂಚಿಗೆ ಅಂಚು.

ನಾನು ಬಾಗಿಲು ಹಾಕಿ ಕಾಗದವನ್ನು ಅವಳ ಮುಂದಿಟ್ಟೆ.

ಅವಳು ಓದಿದಳು. ಮ್ಯಾನೇಜರ್ ಹೊಟ್ಟೆಯ ಹತ್ತಿರ ಕಣ್ಣು ನಿಂತಿತು. ಲೋಟ ಕೆಳಗಿಟ್ಟಳು. ಒಂದು ಕೈ ಮೇಜಿನ ಕೆಳಗೆ ಹೋಯಿತು.

"ಸಾಲಿನ ಕೊನೆ ತನಕ ಅನ್ನೋದನ್ನ ಮರೆತೆ," ಅಂದಳು. ಮೊದಲು ಆಡಿದ ಮಾತೇ ಅದು. ಮುದುಕನ ಬಗ್ಗೆಯಲ್ಲ, ಹುಡುಗನ ಬಗ್ಗೆಯೂ ಅಲ್ಲ.

"ಯಾಕಕ್ಕ?"

"ಯಾಕೆ ಅಂದ್ರೆ? ಚಿಕ್ಕ ಲಿಫ್ಟನ್ನ ದೊಡ್ಡ ಲಿಫ್ಟು ಅಂತ ಮಾರಬೇಕಿತ್ತು. ಧಣಿ ಹೇಳಿದ್ರು, ನಾನು ಮಾಡಿದೆ. ನಾನು ಮಾಡದೇ ಇದ್ರೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತು ಮಾಡ್ತಿದ್ರು. ಹಗ್ಗಕ್ಕೆ ಅಷ್ಟು ತಾಕತ್ತು ಇದೆ ಪುಟ್ಟಿ, ನಾನೇ ಲೆಕ್ಕ ಹಾಕಿದ್ದೆ. ಆ ಅಂಗಡಿಯವನು ಸವೆದ ಬ್ರೇಕ್ ಬದಲಾಯಿಸದೇ ಇದ್ರೆ ನಾನೇನು ಮಾಡ್ಲಿ?"

"ಗಂಟೆ ಹೊಡೆದು ನಿಂತಿದ್ರೆ ಬ್ರೇಕಿನ ಮಾತೇ ಬರ್ತಿರಲಿಲ್ಲ."

"ಅದೂ ನಿಜ," ಅಂದಳು. ಎಷ್ಟು ಸಲೀಸಾಗಿ ಅಂದಳು!

"ಗಡಿಬಿಡಿ?"

"ಚಿಕ್ಕ ವಯಸ್ಸು. ಒಳ್ಳೆ ವಕೀಲರನ್ನ ಇಟ್ರೆ ಬೇಗ ಹೊರಗೆ ಬರ್ತಾನೆ."

"ಹೊರಗೆ ಅವನ ಹೆಂಡತಿ ಕೂತಿದಾಳಕ್ಕ. ಹೋಗಿ ಅವಳ ಮುಖ ನೋಡ್ಕೊಂಡು ಹೇಳು ಈ ಮಾತನ್ನ."

ಅಕ್ಕ ಮತ್ತೆ ಲೋಟ ಎತ್ತಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅನ್ನುತ್ತಾರೆ. ಬೇಲಿ ಮೇಯ್ದು ಹೊಟ್ಟೆ ತುಂಬಿಸಿಕೊಂಡು ಹೀಗೆ ತಣ್ಣಗೆ ಟೀ ಕುಡಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ನನ್ನನ್ನ ಯಾಕೆ ಕರೆಸ್ದೆ?" ಅಂದೆ. "ನನ್ನ ಕಣ್ಣಿಗೆ ಮಣ್ಣೆರಚಬಹುದು ಅಂತಾನಾ? ನೀನೇ ಕಲಿಸಿದ ಕಣ್ಣಲ್ವಾ ಇದು?"

"ನೀನು ಹುಡುಗನ ಹೆಸರು ಹೇಳಿದ್ರೆ ಯಾರೂ ಎರಡು ಮಾತಾಡಲ್ಲ ಅಂತ."

"ನೀನು ಅಂತ ಗೊತ್ತಾದ್ರೂ ನಾನು ಬಾಯಿ ಬಿಡಲ್ಲ ಅಂತ."

"ಅದೂ ಇತ್ತು," ಅಂದಳು.

ಕುರ್ಚಿ ಎಳೆದು ಕೂತೆ. "ನಿಂಗೆ ಒಂದು ವಿಷಯ ಹೇಳ್ಲಾ ಅಕ್ಕ? ಇಷ್ಟೆಲ್ಲ ಗೊತ್ತಾದ ಮೇಲೂ ನನಗೆ ಒಂದೇ ಒಂದು ಸಮಾಧಾನ ಇತ್ತು. ಎಲ್ಲಾ ಕಟ್ಟಡ ತಿದ್ದಿದವಳು ನಮ್ಮದೊಂದನ್ನ ಬಿಟ್ಟಿದ್ದೀಯಲ್ಲ. ನನ್ನ ಮಗಳ ನೆನಪು ಬಂತಲ್ಲ. ಅಷ್ಟಾದ್ರೂ ಕರುಳಿದೆಯಲ್ಲ ಅಂತ."

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. ಅಳು ಬಂದ ಮಗುವಿನ ಕೈಯಿಂದ ಚೂರಿ ಇಸಿದುಕೊಳ್ಳುವವರು ನೋಡುವ ಹಾಗೆ.

"ನಾನು ಬಿಟ್ಟಿರಲಿಲ್ಲ ಪುಟ್ಟಿ."

"ಅಂದ್ರೆ?"

"ಎಲ್ಲದರ ಮೇಲೂ ಓಡಿಸಿದ್ದೆ. ನಿಮ್ಮ ಕಟ್ಟಡದ ಮೇಲೂ." ಅವಳು ಕಾಗದವನ್ನು ಮಡಿಸತೊಡಗಿದಳು, ಅಂಚಿಗೆ ಅಂಚು ಸೇರಿಸಿ. "ಮಾರನೇ ದಿನ ನಿನ್ನ ಗಂಡ ಬಂದ್ರು. ಅದೊಂದನ್ನ ವಾಪಸ್ ಮೊದಲಿನ ಹಾಗೆ ಮಾಡಿ ಅಂದ್ರು. ಮಾಡಿಕೊಟ್ಟೆ."

ನನ್ನ ಗಂಡ ಸರ್ಕಾರಿ ಎಂಜಿನಿಯರ್. ಲಿಫ್ಟುಗಳನ್ನು ಪರೀಕ್ಷಿಸಿ, ಇಷ್ಟು ಭಾರ ಹೊರಲು ಯೋಗ್ಯ ಅಂತ ಸಹಿ ಹಾಕಿ ಕೊಡುವುದೇ ಅವರ ಕೆಲಸ. ಅವರ ಸಹಿ ಇಲ್ಲದೆ ಈ ಕಂಪನಿಯ ಒಂದು ಲಿಫ್ಟೂ ಮೇಲೇರುವುದಿಲ್ಲ. ಅಂದರೆ ಬಟ್ಟೆ ಅಂಗಡಿಯದಕ್ಕೂ ಸಹಿ ಹಾಕಿದ್ದು ಅವರೇ. ನಿನ್ನೆ ಆ ಮುದುಕನ ಸ್ಥಿತಿ ನೆನೆದು ನಾನು ಊಟ ಬಿಟ್ಟೆದ್ದಾಗ, "ಪಾಪ, ಯಾರು ಮಾಡಿದ್ರೋ," ಅಂದಿದ್ದರು. ಅನ್ನುತ್ತಲೇ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದರು.

ನನ್ನ ಫೋನ್ ಹೊಡೆದುಕೊಂಡಿತು. ಅವರದ್ದೇ.

"ಅಕ್ಕನ ರೂಮಲ್ಲಿದ್ದೀಯಾ?"

ನಾನು ಅಕ್ಕನನ್ನು ನೋಡಿದೆ. ಮೇಜಿನ ಕೆಳಗಿದ್ದ ಕೈ ಮೇಲೆ ಬಂತು. ಅದರಲ್ಲಿ ಅವಳ ಫೋನ್ ಇತ್ತು.

"ಸ್ಪೀಕರ್ ಹಾಕು," ಅಂದರು ನನ್ನ ಗಂಡ. "ಮೂರೂ ಜನ ಸೇರಿ ಮಾತಾಡೋಣ."

ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ನೋಡು, ಆಗಿದ್ದು ಆಗೋಯ್ತು. ಆ ಹುಡುಗನೇ ಅಂತ ಹೇಳ್ಬಿಡು. ಅವನ ಕಂಪ್ಯೂಟರು, ಅವನ ತಪ್ಪು. ಮಗಳ ಮುಖ ನೋಡಿಯಾದ್ರೂ ಸುಮ್ಮನಿರು."

"ಅವಳು ಆ ಲಿಫ್ಟಲ್ಲಿ ಓಡಾಡ್ತಾಳೆ ರೀ."

"ಅದಕ್ಕೇ ತಾನೇ ನಾನು ಹೋಗಿ ಸರಿ ಮಾಡಿಸಿದ್ದು!" ಅವರ ದನಿಯಲ್ಲಿ ನಿಜಕ್ಕೂ ನೋವಿತ್ತು. ಉಪಕಾರ ಮಾಡಿದವರನ್ನೇ ಬೈಯುತ್ತಿದ್ದೇನೆ ಅನ್ನುವಂಥ ನೋವು.

"ಮಿಕ್ಕವರ ಮಕ್ಕಳು?"

ಅಕ್ಕ ಕಿಟಕಿ ಕಡೆ ನೋಡಿದಳು. ಉಂಡ ಮನೆಗೆ ಎರಡು ಬಗೆಯುವವರ ಕಥೆಗಳನ್ನು ಬೇರೆಯವರ ಮನೆಗಳಲ್ಲಿ ಎಷ್ಟು ಸಲ ಬಿಡಿಸಿದ್ದೇನೋ. ನನ್ನ ಮನೆಯಲ್ಲಿ ಇಬ್ಬರು ಸೇರಿ ಬಗೆಯುತ್ತಿದ್ದರೆ ನಾನು ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದೆ.

ಬಾಗಿಲು ತಟ್ಟಿದ ಸದ್ದಾಯಿತು.

"ಮೇಡಂ, ಸಂಜೆಯಾಯ್ತು," ಇನ್‌ಸ್ಪೆಕ್ಟರ್ ದನಿ. "ಹುಡುಗನ್ನ ಜೀಪ್ ಹತ್ತಿಸ್ಲಾ?"

"ಹೂಂ ಅನ್ನು," ಫೋನಿನಿಂದ ಪಿಸುದನಿ ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅದೇ ಕೈ. ರಸ್ತೆ ದಾಟುವಾಗ ಹಿಡಿಯುತ್ತಿದ್ದದ್ದೂ ಹಾಗೆಯೇ.

ಕೈ ಬಿಡಿಸಿಕೊಂಡು ಬಾಗಿಲು ತೆಗೆದೆ.

"ಹುಡುಗನಲ್ಲ ಸಾರ್."

ಅಕ್ಕನ ಮುಂದಿದ್ದ ಕಾಗದವನ್ನು ಬಿಡಿಸಿ ತೋರಿಸಿದೆ. ಇನ್‌ಸ್ಪೆಕ್ಟರ್‌ಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದೆ. ಬದಲಿಸಿದ ಅಂಕಿಗೆ ಗುರುತು, ಗುರುತು ಇದ್ದರೆ ಬಿಡು ಅನ್ನುವ ಷರತ್ತು, ಕೊನೆಗೆ ಗುರುತು ಅಳಿಸುವಾಗ ಉಳಿದುಹೋದ ಒಂದು. ಗಡಿಬಿಡಿಗೆ ಈ ಉಪಾಯ ಗೊತ್ತಿದ್ದರೆ ಮಧ್ಯಾಹ್ನ ಅವನ ಅಂಕಿಗಳೆಲ್ಲ ಎಂಟುನೂರಾಗುತ್ತಿರಲಿಲ್ಲ, ಹೋದ ವರ್ಷ ಬಾಗಿಲುಗಳೂ ಬಾಯಿ ಬಿಡುತ್ತಿರಲಿಲ್ಲ. ಬದಲಾಗದೇ ಉಳಿದ ಒಂದೇ ಕಟ್ಟಡದ ವಿಷಯವನ್ನೂ ಹೇಳಿದೆ. ಆ ಕಟ್ಟಡಕ್ಕೂ ಹುಡುಗನಿಗೂ ಯಾವ ನಂಟೂ ಇಲ್ಲ ಅಂದೆ.

ಇನ್‌ಸ್ಪೆಕ್ಟರ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಕಾರಿಡಾರಿನತ್ತ ಬಗ್ಗಿ, "ಏಯ್, ಆ ಹುಡುಗನ್ನ ಬಿಡ್ರೋ. ಮನೆಗೆ ಹೋಗ್ಲಿ," ಅಂದರು. ಹೊರಗೆ ಬೆಂಚು ಕಿರುಗುಟ್ಟಿತು. ಯಾರೋ ಹೆಣ್ಣುಮಗಳು ಜೋರಾಗಿ ಅತ್ತಳು. ಆ ಅಳುವಿನಲ್ಲಿ ಸಂತೋಷವಿತ್ತು.

"ಸರಿ ಮೇಡಂ. ಹಾಗಾದ್ರೆ ಈ ಗುರುತು ಯಾರದ್ದು?"

ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಅಕ್ಕನ ಮುಖ ನೋಡಿದೆ. ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟಾದ ಮೇಲೂ ನನ್ನ ಹಾಳು ಕರುಳು ಒಂದು ಉಸಿರಿನಷ್ಟು ಹೊತ್ತು ತಡೆಯಿತು. ಅಷ್ಟು ಹೊತ್ತು ಅವಳಿಗೆ ಸಾಕಾಯಿತು.

"ನನ್ನ ತಂಗಿದು ಸಾರ್," ಅಂದಳು ಅಕ್ಕ.

ನಾನು ಸರಿಯಾಗಿ ಕೇಳಿಸಿಕೊಂಡೆನಾ ಅನ್ನಿಸಿತು.

"ಚಿಕ್ಕಂದಿನಿಂದ ಇವಳು ಇದೇ ಗುರುತು ಹಾಕೋದು. ಜಡೆ ಅಂತಾಳೆ. ಹೋದ ಸಲ ಒಂದು ಸಣ್ಣ ಕೆಲಸ ಇತ್ತು ಅಂತ ನಾನೇ ಇವಳಿಗೆ ಒಳಗೆ ಬರೋ ಕಾರ್ಡ್ ಕೊಟ್ಟಿದ್ದೆ. ಇನ್ನೂ ವಾಪಸ್ ಕೊಟ್ಟಿಲ್ಲ, ಅವಳ ಚೀಲದಲ್ಲೇ ಇರುತ್ತೆ." ವಾಪಸ್ ಕೊಡಲು ಹೋದಾಗ "ಇರ್ಲಿ ಇಟ್ಕೋ, ನಮ್ಮದೇ ಕಂಪನಿ," ಅಂದವಳೂ ಇವಳೇ. "ಬಿಟ್ಟಿರೋ ಆ ಒಂದು ಕಟ್ಟಡ ಯಾವುದು ಅಂತ ಕೇಳಿ ಸಾರ್. ಇವಳ ಮನೆ ಇರೋದು ಅಲ್ಲೇ. ನಾನು ಹೆತ್ತ ತಾಯಿಯ ಹಾಗೆ ಸಾಕಿದ್ದೀನಿ, ನನ್ನ ಬಾಯಿಂದ ಇದನ್ನ ಹೇಳಿಸಬೇಡಿ."

ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು, ಮಧ್ಯಾಹ್ನ ಗಡಿಬಿಡಿಯನ್ನು ನೋಡಿದ ಹಾಗೆಯೇ. ಹುಡುಗನನ್ನು ಬಿಡಿಸಲು ನಾನು ಒಂದೊಂದಾಗಿ ಪೋಣಿಸಿಕೊಟ್ಟ ಸಾಕ್ಷಿಯೆಲ್ಲ ಅವರ ಕೈಯಲ್ಲಿತ್ತು. ಅದರಲ್ಲಿ ನನಗೂ ಹೊಂದದ್ದು ಒಂದೂ ಇರಲಿಲ್ಲ.

"ಸುಳ್ಳು," ಅಂದೆ. "ಕೇಳಿ ಬೇಕಾದ್ರೆ. ನನ್ನ ಯಜಮಾನ್ರು ಫೋನಲ್ಲೇ ಇದ್ದಾರೆ. ಅವರಿಗೆ ಎಲ್ಲಾ ಗೊತ್ತು."

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಬಗ್ಗಿದರು. "ಯಾರ್ರೀ ಲೈನಲ್ಲಿ?"

"ನಾನು ಅವಳ ಗಂಡ ಸಾರ್."

"ಎಲ್ಲಾ ಕೇಳಿಸ್ತಲ್ಲ? ನಿಮಗೇನು ಗೊತ್ತೋ ಹೇಳಿ."

ನನ್ನ ಗಂಡ ಗಂಟಲು ಸರಿಮಾಡಿಕೊಂಡರು.

"ಹೇಗೆ ಹೇಳ್ಲಿ ಸಾರ್," ಅಂದರು. "ನಮ್ಮ ಕಟ್ಟಡ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತಿದ್ದಿದ್ದೀನಿ ಅಂತ, ಅವಳೇ ನನ್ನ ಹತ್ರ ಒಪ್ಕೊಂಡಿದ್ಲು."